ಪೋಸ್ಟ್‌ಕ್ರಾಸಿಂಗ್: ಕಾರ್ಡಿನ ಮಟ್ಟಿಗೆ ಪಕ್ಕಾ, ಪೆನ್‌ಫ್ರೆಂಡ್ ಭೇಟಿಗೆ ಅರ್ಧ ದಾರಿ

ಪೆನ್‌ಫ್ರೆಂಡ್ ಸಿಗುತ್ತಾರೆಂದು ಪೋಸ್ಟ್‌ಕ್ರಾಸಿಂಗ್ ಸೇರುವವರು ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ಇದು ಬೇರೆ ಬೇರೆ ದೇಶಗಳ ಅಪರಿಚಿತರ ನಡುವೆ ಅಂಚೆ ಕಾರ್ಡುಗಳ ವಿನಿಮಯ ಮಾಡಿಸುವ ಜಾಲತಾಣ. ಇಲ್ಲಿ ನೀವು ಯಾರಿಗೆ ಕಾರ್ಡು ಹಾಕುತ್ತೀರೋ ಅವರು ನಿಮಗೆ ಮರಳಿ ಬರೆಯುವುದಿಲ್ಲ. ನಿಮ್ಮ ಕಾರ್ಡು ಫಿನ್ಲೆಂಡಿಗೆ ಹೋದರೆ ನಿಮ್ಮ ಮನೆಗೆ ಬರುವುದು ತೈವಾನಿನಿಂದಲೋ ಬ್ರೆಜಿಲಿನಿಂದಲೋ. ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯ್ಶ್ 2005ರ ಜುಲೈ 14ರಂದು ಶುರುಮಾಡಿದ ಈ ಸೇವೆಯ ಮೂಲ ನಿಯಮವೇ ಅದು. ಇಲ್ಲಿಯವರೆಗೆ 7 ಕೋಟಿಗೂ ಹೆಚ್ಚು ಕಾರ್ಡುಗಳು ಈ ನಿಯಮದಲ್ಲೇ ಓಡಾಡಿವೆ. ಹಾಗಿದ್ದೂ ಇಲ್ಲಿ ಹುಟ್ಟಿದ ಪರಿಚಯ ವರ್ಷಗಟ್ಟಲೆ ಪತ್ರದಲ್ಲಿ ಬೆಳೆದು, ಒಂದು ದಿನ ಗಾಡಿ ಹತ್ತಿ ಹೋಗಿ ಎದುರುಬದುರು ಕೂರುವ ಹಂತಕ್ಕೂ ಮುಟ್ಟುತ್ತದೆ. ಅಷ್ಟು ದೂರದವರೆಗೆ ಈ ಸೇವೆ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿಂದಾಚೆ ನಿಮ್ಮ ಪಾಡು ನಿಮಗೆ ಎಂಬುದನ್ನು ನೋಡೋಣ.

ಸೇರಲು ಹಣ ಕೊಡಬೇಕಿಲ್ಲ. ವಿಳಾಸ ಕೇಳಿದ ಕೂಡಲೇ ಒಬ್ಬರ ಹೆಸರು, ವಿಳಾಸ, ಜತೆಗೆ ಭಾರತವನ್ನು ಸೂಚಿಸುವ ಐಎನ್ ಅಕ್ಷರಗಳಿಂದ ಶುರುವಾಗುವ ಒಂದು ಕಾರ್ಡ್ ಐಡಿ ಬರುತ್ತದೆ. ಹೊಸಬರು ಒಂದು ಸಲಕ್ಕೆ 5 ಕಾರ್ಡುಗಳನ್ನಷ್ಟೇ ದಾರಿಯಲ್ಲಿಡಬಹುದು. ತಲುಪಿದ ಕಾರ್ಡು ಹೆಚ್ಚಿದಂತೆ ಈ ಮಿತಿಯೂ ಏರುತ್ತದೆ. ಪಡೆದವರು ಐಡಿ ನಮೂದಿಸಿದ ಮೇಲೆ ನಿಮ್ಮ ವಿಳಾಸ ಇನ್ಯಾರಿಗೋ ಹೋಗುತ್ತದೆ. 60 ದಿನ ಕಳೆದರೂ ತಲುಪದ ಕಾರ್ಡನ್ನು ಅವಧಿ ಮುಗಿದದ್ದೆಂದು ಬದಿಗಿಟ್ಟು ಆ ಜಾಗವನ್ನು ನಿಮಗೆ ಮರಳಿ ಕೊಡುತ್ತಾರೆ. ಆದರೂ ಒಂದು ವರ್ಷದೊಳಗೆ ತಲುಪಿದರೆ ಅದನ್ನು ನೋಂದಾಯಿಸಬಹುದು. ನಮ್ಮಲ್ಲಿಂದ ಹೊರಟ ಕಾರ್ಡು ಮೂರು ತಿಂಗಳ ಮೇಲೆ ಮುಟ್ಟುವುದೂ ಉಂಟು, ಆದ್ದರಿಂದ ಈ ಸಡಿಲಿಕೆ ಇಲ್ಲದಿದ್ದರೆ ಭಾರತದವರು ಬೇಗ ಬೇಸತ್ತುಬಿಡುತ್ತಿದ್ದರು.

ಕಾರ್ಡು ಕಳೆದುಹೋಗುವುದಕ್ಕಿಂತ ಹೆಚ್ಚು ಕಾಡುವುದು ಐಡಿ ಓದಲಾಗದೆ ಹೋಗುವುದು. ಅಂಚೆಚೀಟಿಯ ಪಕ್ಕದಲ್ಲೇ ಐಡಿ ಬರೆದರೆ ಕೌಂಟರಿನ ಠಸ್ಸೆ ನೇರ ಅದರ ಮೇಲೇ ಬೀಳುತ್ತದೆ. ಕಾರ್ಡಿನ ಕೆಳಗಿನ ಅಂಚಿನಲ್ಲಿ ಬರೆದರೂ ಕಷ್ಟ, ಅಮೆರಿಕದ ವಿಂಗಡಣೆ ಯಂತ್ರ ಬಾರ್‌ಕೋಡ್ ಹಾಕುವುದು ಅಲ್ಲೇ. ಕೆಳಗೆ ಒಂದೂವರೆ ಸೆಂಟಿಮೀಟರ್ ಖಾಲಿ ಬಿಡಿ. ಎಡಭಾಗದಲ್ಲಿ, ಸಂದೇಶದ ಮೇಲೊಮ್ಮೆ ಕೆಳಗೊಮ್ಮೆ ಐಡಿ ಬರೆಯಿರಿ. ನುಣುಪು ಕಾರ್ಡಿನ ಮೇಲೆ ಜೆಲ್ ಪೆನ್ನು ಬೇಡ. ಒಣಗಿದಂತೆ ಕಂಡರೂ ಚೀಲದೊಳಗೆ ಉಜ್ಜಿ ಅಳಿಸಿಹೋಗುತ್ತದೆ. ಬಾಲ್‌ಪೆನ್ನೇ ಸೈ. ಮಳೆಗಾಲದಲ್ಲಿ ಅಂಚೆಚೀಟಿಯ ಹಿಂಬದಿಯ ಗೋಂದನ್ನಷ್ಟೇ ನಂಬದೆ ಅಂಚಿಗೆ ತೆಳ್ಳಗೆ ಅಂಟು ಹಚ್ಚಿ. ಹೀಗೆಲ್ಲ ಮಾಡಿಯೂ ಐಡಿ ಅಳಿಸಿದ್ದರೆ ಪಡೆದವರು ಕಳಿಸಿದವರ ಹೆಸರು, ದೇಶ, ಸಂದೇಶದ ಸಾರ ಬರೆದು ಸೈಟಿನಲ್ಲಿ ಹುಡುಕಿಸಬಹುದು. ಈ ಹುಡುಕಾಟದ ಸೌಲಭ್ಯಕ್ಕೆ ಪೂರ್ಣ ಅಂಕ ಕೊಡಬೇಕು.

ನಿಮಗೆ ಬರುವ ಕಾರ್ಡಿನ ತೊಡಕೇ ಬೇರೆ. ಜರ್ಮನಿಯವರು 1 ಬರೆಯುವಾಗ ಮುಂದೊಂದು ಉದ್ದ ಗೆರೆ ಎಳೆಯುತ್ತಾರೆ, ನಮ್ಮ ಕಣ್ಣಿಗೆ ಅದು 7. ಜಯನಗರದ 560011 ಹೀಗೆ 560077 ಆದರೆ ಕಾರ್ಡು ಕೊತ್ತನೂರಿನ ಕಡೆ ಹೋಗಿ ಕೂರುತ್ತದೆ. ಮೇನು, ಕ್ರಾಸುಗಳ ಅಂಕಿಗಳಲ್ಲೂ ಇದೇ ಎಡವಟ್ಟು. ವಿಳಾಸದಲ್ಲಿ ಬಡಾವಣೆಯ ಹೆಸರನ್ನು ಬಿಡದೆ ಹಾಕಿ. ಪಿನ್‌ಕೋಡ್ ತಪ್ಪಿದರೂ ಪೋಸ್ಟ್‌ಮ್ಯಾನ್ ಅದನ್ನು ನೋಡಿ ದಾರಿಗೆ ತರುತ್ತಾನೆ. ಖಾಯಂ ಬರೆಯುವ ಸ್ನೇಹಿತರಾದ ಮೇಲೆ ವಿಳಾಸದ ಚೀಟಿಗಳನ್ನು ಮುದ್ರಿಸಿ ಒಂದು ಹಾಳೆ ಕಳಿಸಿಕೊಟ್ಟುಬಿಡಿ, ಅವರು ಅಂಟಿಸಿದರಾಯಿತು.

ಇನ್ನು ಪತ್ರಸ್ನೇಹದ ಮಾತು. ಕಾರ್ಡು ನೋಂದಾಯಿಸುವಾಗ ಪಡೆದವರು ಕಳಿಸಿದವರಿಗೆ ನಾಲ್ಕು ಸಾಲು ಧನ್ಯವಾದ ಬರೆಯುತ್ತಾರೆ. ಪರಿಚಯ ಮುಂದುವರಿಯುವುದಿದ್ದರೆ ಬಾಗಿಲು ತೆರೆಯುವುದು ಅಲ್ಲೇ. ಅವರ ವಿಳಾಸ ನಿಮಗೆ ಗೊತ್ತಿರುತ್ತದೆ, ನಿಮ್ಮ ವಿಳಾಸ ಅವರಿಗೆ ಗೊತ್ತಿರುವುದಿಲ್ಲ. ಆ ಮೆಸೇಜಿಗೆ ಉತ್ತರಿಸುವಾಗ ನೀವಾಗಿಯೇ ಕೊಡಬೇಕು. ಮೊದಲ ಕಾರ್ಡಿನಲ್ಲೇ ಅದು ಕಳಿಸಿ, ಇದು ಕಳಿಸಿ ಎಂದು ಕೇಳುವವರಿಗೆ ಉತ್ತರ ಬರುವುದು ಅಪರೂಪ. ಪರಿಚಯ ಪುಟದಲ್ಲಿ ‘ನಿಸರ್ಗ, ಸಂಗೀತ, ಪ್ರವಾಸ’ ಎಂದು ಬರೆದವರಿಗಿಂತ ‘ನಮ್ಮೂರಿನ ರೈಲು ನಿಲ್ದಾಣದ ಹಳೆಯ ಚಿತ್ರಗಳನ್ನು ಕೂಡಿಸುತ್ತೇನೆ’ ಎಂದವರಿಗೆ ಪತ್ರಮಿತ್ರರು ಸಿಗುವುದು ಹೆಚ್ಚು. ಎರಡನೆಯ ಪತ್ರಕ್ಕೆ ಕೇಳಲು ಏನಾದರೂ ಇರಬೇಕಲ್ಲ? ಇದರಾಚೆ ಸೈಟಿನ ಪಾತ್ರವಿಲ್ಲ. ನೇರ ಬರೆದುಕೊಳ್ಳುವ ಪತ್ರಗಳು ಅದರ ಲೆಕ್ಕಕ್ಕೂ ಬರುವುದಿಲ್ಲ. ದೇಶದೊಳಗಿನ ಪತ್ರವಾದರೆ ಕಾರ್ಡನ್ನು ಲಕೋಟೆಯಲ್ಲಿಟ್ಟು 5 ರೂಪಾಯಿಯ ಅಂಚೆಚೀಟಿ ಹಚ್ಚಿ. 20 ಗ್ರಾಂ ಮೀರದಿದ್ದರೆ ಸಾಕು, ಕಾರ್ಡಿನ ಮೂಲೆಯೂ ಮುರಿಯುವುದಿಲ್ಲ.

ಭೇಟಿಗೆ ಸೈಟ್ ಕೊಡುವುದು ಮೀಟಪ್, ಅಂದರೆ ಸದಸ್ಯರ ಕೂಟಗಳ ಪಟ್ಟಿಯೊಂದನ್ನೇ. ಯಾವ ಊರು, ಯಾವ ದಿನ, ಯಾರ ಉಸ್ತುವಾರಿ ಎಂಬುದನ್ನು ಸದಸ್ಯರೇ ಅಲ್ಲಿ ಹಾಕುತ್ತಾರೆ. ವರ್ಷಗಟ್ಟಲೆ ಬರೆದವರ ಮೊದಲ ಭೇಟಿಗೆ ಇಬ್ಬರೇ ಕೂರುವುದಕ್ಕಿಂತ ಇಂಥದೊಂದು ಮೀಟಪ್ ವಾಸಿ. ಕಾಗದದಲ್ಲಿ ಹತ್ತು ಪುಟ ಬರೆದವರಿಗೆ ಎದುರಿಗೆ ಕೂತಾಗ ಮಾತೇ ಹೊರಡದಿರುವುದು ಸಾಮಾನ್ಯ. ಕೈಗೊಂದು ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಮೀಟಪ್‌ನಲ್ಲಿ ಆ ಕೆಲಸ ಸಹಿ ಹಾಕುವುದು. ಎಲ್ಲರೂ ತಂದ ಕಾರ್ಡುಗಳು ಮೇಜಿನ ಸುತ್ತ ಬಲಕ್ಕೆ ಸರಿಯುತ್ತವೆ. 10 ಜನ ತಲಾ 20 ಕಾರ್ಡು ತಂದರೆ ಒಬ್ಬೊಬ್ಬರೂ 180 ಸಹಿ ಹಾಕಬೇಕು. ಒಂದಕ್ಕೆ 10 ಸೆಕೆಂಡ್ ಹಿಡಿದರೂ ಅರ್ಧ ಗಂಟೆ. ಯಾರಾದರೊಬ್ಬರು ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ಗೀಚಿದರೆ ವಿಳಾಸಕ್ಕೆ ಜಾಗವೇ ಉಳಿಯದು. ಬಲ ಅರ್ಧಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಮೊದಲೇ ಕಾಯ್ದಿರಿಸಿ. ನಿಂತು ತಿನ್ನುವ ದರ್ಶಿನಿಯಲ್ಲಿ ಇದೆಲ್ಲ ನಡೆಯದು. ಹೆಸರಾಂತ ಹಳೆಯ ಹೋಟೆಲುಗಳಲ್ಲಿ ಬೆಳಗ್ಗೆ ಸೀಟಿಗಾಗಿ ಜನ ಬೆನ್ನಹಿಂದೆ ನಿಂತಿರುತ್ತಾರೆ, ಅಲ್ಲೂ ಬೇಡ. ಮಧ್ಯಾಹ್ನ ಮೂರರ ಮೇಲೆ ಊಟದ ಗಲಾಟೆ ಇಳಿದ ಹೋಟೆಲನ್ನು ಆರಿಸಿ, ಸಹಿ ಮುಗಿದ ಮೇಲೆ ತಿಂಡಿ ಹೇಳಿ. ಎಣ್ಣೆಗೈ ತಾಗಿದ ಕಾರ್ಡಿನ ಮೇಲೆ ಬಾಲ್‌ಪೆನ್ನೂ ಓಡುವುದಿಲ್ಲ.

ವಿಶ್ವ ಪೋಸ್ಟ್‌ಕಾರ್ಡ್ ದಿನ ಅಕ್ಟೋಬರ್ 1ಕ್ಕೆ. ಆಸ್ಟ್ರಿಯಾ-ಹಂಗರಿಯಲ್ಲಿ 1869ರಲ್ಲಿ ಮೊದಲ ಪೋಸ್ಟ್‌ಕಾರ್ಡ್ ಬಂದ ದಿನ ಅದು. ಆ ತಾರೀಕಿನ ಠಸ್ಸೆ ಬೇಕೆನ್ನುವವರು ಸಂಜೆಯೊಳಗೆ ಕೌಂಟರ್ ಮುಟ್ಟಿಬಿಡಬೇಕು, ಮಾರನೆಯ ದಿನ ಗಾಂಧಿ ಜಯಂತಿ, ಅಂಚೆ ಕಚೇರಿಗೆ ರಜೆ.

ಸ್ನೇಹಿತರು ದೂರದಿಂದ ಬಂದು ಬೆಂಗಳೂರಿನಿಂದ ಮೈಸೂರಿನ ಕಡೆ ರಸ್ತೆ ಹಿಡಿಯುವ ಯೋಜನೆಯಿದ್ದರೆ ಸೈಟ್ ಹೇಳದ ಕೆಲವು ಲೆಕ್ಕಗಳಿವೆ. 118 ಕಿಲೋಮೀಟರಿನ ಹೊಸ ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವ ಊರನ್ನೂ ಹೊಗದೆ ಹೊರಗಿನಿಂದಲೇ ದಾಟುತ್ತದೆ. ‘ಮದ್ದೂರಿನಲ್ಲಿ ಸಿಗೋಣ’ ಎಂದಷ್ಟೇ ಹೇಳಿದರೆ ಅವರು ನೇರ ಶ್ರೀರಂಗಪಟ್ಟಣದಲ್ಲಿ ಇಳಿದಾರು. ಯಾವ ಕಡೆ ಸರ್ವಿಸ್ ರಸ್ತೆಗೆ ಇಳಿಯಬೇಕೆಂಬುದನ್ನು ಬರೆದು ಕಳಿಸಿ. ಬೈಕಿನಲ್ಲಿ ಬರುವವರಾದರೆ ಇನ್ನೂ ಮುಖ್ಯ: 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಕಾರಿನವರಿಗೆ ಮ್ಯಾಪ್ ತೋರಿಸುವ ಸಮಯಕ್ಕೆ ಬೈಕಿನವರು ಭೇಟಿ ಗೊತ್ತುಮಾಡಿದರೆ ಒಬ್ಬರು ಕಾದು ಕಾದು ಸುಸ್ತಾಗುತ್ತಾರೆ. ಉಡುಗೊರೆಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆ ಒಳ್ಳೆಯದು, ಹಗುರ, ವಿಮಾನದ ಚೀಲಕ್ಕೂ ತೊಂದರೆಯಿಲ್ಲ. ಮದ್ದೂರು ವಡೆಯನ್ನು ಅಲ್ಲೇ ತಿಂದು ಮುಗಿಸುವುದು ಕ್ಷೇಮ.

ವಿದೇಶದಿಂದ ಬಂದ ಸದಸ್ಯರಿಗೆ ಸೈಟಿನ ಪ್ರವಾಸ ಸೌಲಭ್ಯ ನಿಜಕ್ಕೂ ಉಪಯೋಗದ್ದು. ಅದನ್ನು ಚಾಲೂ ಮಾಡಿಕೊಂಡರೆ ಇಲ್ಲಿಂದಲೇ ಅಧಿಕೃತ ಕಾರ್ಡು ಹಾಕಬಹುದು, ಐಡಿಯೂ ನಮ್ಮ ದೇಶದ್ದೇ. ಅಂಚೆಚೀಟಿಗಳನ್ನು ಮಾತ್ರ ದೊಡ್ಡ ಅಂಚೆ ಕಚೇರಿಯಲ್ಲೇ, ದರ ಕೇಳಿಕೊಂಡು, ಒಟ್ಟಿಗೇ ಕೊಂಡಿಟ್ಟುಕೊಳ್ಳಿ. ದಾರಿಯ ಸಣ್ಣ ಕಚೇರಿಗಳಲ್ಲಿ ವಿದೇಶಕ್ಕೆ ಹೊಂದುವ ಬೆಲೆಯವು ಸಿಗದೆ ಐದೈದು ರೂಪಾಯಿಯವನ್ನು ಹಚ್ಚಿ ಹಚ್ಚಿ ಬರೆಯುವ ಜಾಗವೇ ಮುಗಿಯುತ್ತದೆ. ಪ್ರವಾಸಿ ತಾಣಗಳ ಕೆಲವು ಕಚೇರಿಗಳಲ್ಲಿ ಆ ಊರಿನ ಗುರುತಿರುವ ಚಿತ್ರದ ಠಸ್ಸೆ ಇರುತ್ತದೆ. ಅದನ್ನು ಕೇಳಿಯೇ ಹಾಕಿಸಿಕೊಳ್ಳಬೇಕು, ಡಬ್ಬಿಗೆ ಹಾಕಿದರೆ ಸಾದಾ ಠಸ್ಸೆಯೇ. ಮಧ್ಯಾಹ್ನದೊಳಗೆ ಹೋದರೆ ಸಿಬ್ಬಂದಿ ಪುರುಸೊತ್ತಿನಿಂದ ಹಾಕಿಕೊಡುತ್ತಾರೆ. ಚೀಲ ಕಟ್ಟುವ ಹೊತ್ತಿಗೆ ಹೋಗಿ ಇಪ್ಪತ್ತು ಕಾರ್ಡು ಮುಂದಿಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಭೇಟಿಯ ನೆನಪಿಗೆ ಇಬ್ಬರ ಫೋಟೊ ಇರುವ ಅಂಚೆಚೀಟಿಯನ್ನೇ ಮಾಡಿಸಬಹುದು. ಭಾರತೀಯ ಅಂಚೆಯ ‘ಮೈ ಸ್ಟ್ಯಾಂಪ್’ ಹಾಳೆಯಲ್ಲಿ 5 ರೂಪಾಯಿ ಮುಖಬೆಲೆಯ 12 ಚೀಟಿಗಳಿರುತ್ತವೆ, ಹಾಳೆಗೆ 300 ರೂಪಾಯಿ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಾದ ಜಿಪಿಒದಲ್ಲಿ ಅಂಚೆಚೀಟಿ ಸಂಗ್ರಹಕಾರರಿಗಾಗಿ ಇರುವ ಫಿಲಾಟೆಲಿ ವಿಭಾಗದಲ್ಲಿ ವಿಚಾರಿಸಿ. ಗುರುತಿನ ಚೀಟಿ ಬೇಕು, ಫೋಟೊದಲ್ಲಿ ಮುಖಗಳು ದೊಡ್ಡದಾಗಿರಬೇಕು, ಹಿನ್ನೆಲೆಯ ಅರಮನೆ ಅಷ್ಟು ಸಣ್ಣ ಚೌಕದಲ್ಲಿ ಕಾಣುವುದಿಲ್ಲ. ಹಾಳೆ ಕೈಗೆ ಬರಲು ಕೆಲವು ದಿನ ಹಿಡಿಯಬಹುದು, ಆದ್ದರಿಂದ ಪ್ರವಾಸದ ಮೊದಲ ದಿನವೇ ಕೊಟ್ಟರೆ ವಾಪಸು ಬರುವಾಗ ಪಡೆಯಬಹುದು.

ಐದಕ್ಕೆ ನಾಲ್ಕು ಕೊಡಬಹುದಾದ ಸೇವೆ. ಒಂದು ಅಂಕ ಕಡಿಮೆ ಏಕೆಂದರೆ ಪತ್ರಮಿತ್ರರನ್ನೇ ಹುಡುಕುವವರಿಗೆ ಈ ಕಾರ್ಡು ವಿನಿಮಯದಲ್ಲಿ ನೇರ ದಾರಿಯಿಲ್ಲ, ಹತ್ತಾರು ಕಾರ್ಡು ಹಾಕಿ ಕಾಯಬೇಕು. ತಿಂಗಳಿಗೆ ನಾಲ್ಕೈದು ಕಾರ್ಡಿನ ಖರ್ಚು ಮತ್ತು ತಾಳ್ಮೆ ಎರಡೂ ಇದ್ದವರು ಸೇರಿ. ಮೊದಲ ಭೇಟಿಯೇ ನಿಮ್ಮ ಮನೆಯಲ್ಲಿ ಬೇಡ. ಎಷ್ಟು ವರ್ಷದ ಪತ್ರವಾದರೂ ಹೋಟೆಲಿನಲ್ಲೋ ಅಂಚೆ ಕಚೇರಿಯ ಮುಂದೆಯೋ ಸಿಕ್ಕಿ, ಮನೆಗೆ ಕರೆಯುವುದನ್ನು ಆಮೇಲೆ ನೋಡಿಕೊಳ್ಳಿ.