ಹ್ಯಾಲೋವೀನ್: ಮನೆ ಮನೆ ಸುತ್ತೋದಾ, ಟ್ರಂಕ್-ಆರ್-ಟ್ರೀಟಾ?

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ಅಕ್ಟೋಬರ್ ಬಂತಂದ್ರೆ ಕೇಳುವುದು ಇದನ್ನೇ. ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಹಬ್ಬ, ಅವತ್ತು ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆ ಸುತ್ತಿ ಮಿಠಾಯಿ ಕೇಳುತ್ತಾರೆ. ಟ್ರಂಕ್-ಆರ್-ಟ್ರೀಟ್ ಅಂದರೆ ಶಾಲೆಯದೋ ಚರ್ಚಿನದೋ ಪಾರ್ಕಿಂಗ್ ಜಾಗದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಅಲಂಕಾರ ಮಾಡಿ ಮಕ್ಕಳಿಗೆ ಚಾಕೊಲೇಟ್ ಹಂಚುವುದು.

ಜನ ಹೆದರುವುದು ವಿಷದ ಮಿಠಾಯಿಗೆ. ಆದರೆ 1974ರಲ್ಲಿ ಟೆಕ್ಸಾಸ್‌ನಲ್ಲಿ ಹುಡುಗನೊಬ್ಬನಿಗೆ ಸಯನೈಡ್ ಕೊಟ್ಟಿದ್ದು ಅಪರಿಚಿತರಲ್ಲ, ಇನ್ಶೂರೆನ್ಸ್ ದುಡ್ಡಿಗಾಗಿ ಅವನ ಅಪ್ಪನೇ. ನಿಜವಾದ ಅಪಾಯ ಕಾರು: ಅಕ್ಟೋಬರ್ 31ರ ಸಂಜೆ ನಡೆದು ಹೋಗುವವರು ಕಾರಿಗೆ ಸಿಕ್ಕಿ ಸಾಯುವುದು ಬೇರೆ ದಿನಗಳಿಗಿಂತ ಜಾಸ್ತಿ. ಈ ಲೆಕ್ಕದಲ್ಲಿ ಟ್ರಂಕೇ ಮೇಲು, ಅಲ್ಲಿ ಕಾರುಗಳು ನಿಂತೇ ಇರುತ್ತವಲ್ಲ. ಚಿಕ್ಕ ಮಕ್ಕಳಿಗೆ, ಫುಟ್‌ಪಾತೇ ಇಲ್ಲದ ಬಡಾವಣೆಯಲ್ಲಿ ಇರುವವರಿಗೆ ಅದೇ ಸರಿ.

ಮಜಾ ಮಾತ್ರ ಮನೆ ಮನೆ ಸುತ್ತುವುದರಲ್ಲೇ. ಅಕ್ಕಪಕ್ಕದವರ ಪರಿಚಯವೂ ಆಗುತ್ತದೆ. ಹೊರಡುವುದಾದರೆ ಮುಖವಾಡ ಬೇಡ, ಮುಖಕ್ಕೆ ಬಣ್ಣ ಬಳಿಯಿರಿ, ಯಾಕಂದ್ರೆ ಮುಖವಾಡದ ತೂತಿನಿಂದ ಪಕ್ಕದಲ್ಲಿ ಬರುವ ಕಾರು ಕಾಣುವುದೇ ಇಲ್ಲ. ಕಪ್ಪು ಬಟ್ಟೆಗೆ ಬೆನ್ನಿನ ಮೇಲೂ ಚೀಲದ ಮೇಲೂ ಹೊಳೆಯುವ ಟೇಪ್ ಅಂಟಿಸಿ, ಟಾರ್ಚ್ ಕೊಡಿ. ನಿಂತ ಕಾರುಗಳ ಸಂದಿಯಿಂದ ರಸ್ತೆಗೆ ನುಗ್ಗಲು ಬಿಡಬೇಡಿ, ಬಾಗಿಲಲ್ಲಿ ದೀಪ ಇಲ್ಲದ ಮನೆಗೆ ಸುಮ್ನೆ ಹೋಗಬೇಡಿ.

ಕಡಲೆಕಾಯಿ ಅಲರ್ಜಿ ಇದ್ದರೆ? ಹಸಿರು ಬೆರೆತ ನೀಲಿ (ಟೀಲ್) ಬಣ್ಣದ ಕುಂಬಳಕಾಯಿ ಇಟ್ಟ ಮನೆ ನೋಡಿ, ಅಲ್ಲಿ ತಿಂಡಿಯಲ್ಲದ ಆಟಿಕೆಯೂ ಸಿಗುತ್ತದೆ. ಗಟ್ಟಿ ಮಿಠಾಯಿಯನ್ನು ಚಿಕ್ಕವರ ಕೈಗೆ ಎರಡು ಕಡೆಯೂ ಕೊಡಬೇಡಿ.

ನನ್ನ ಮಾತು ಕೇಳಿದರೆ, ಐದು ವರ್ಷದ ಒಳಗೆ ಟ್ರಂಕ್, ಆಮೇಲೆ ದೊಡ್ಡವರ ಜೊತೆ ಬೀದಿ. ಟ್ರಂಕ್ ಎಷ್ಟೋ ಕಡೆ ಹಿಂದಿನ ವಾರಾಂತ್ಯದಲ್ಲೇ ಮುಗಿಯುತ್ತದೆ, ಎರಡಕ್ಕೂ ಹೋಗಬಹುದು.