ಹಳೇ ಫೋಟೋ ರಿಪೇರಿಗೆ ಕೊಡ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಪೆನ್ ಡ್ರೈವ್ ತೆಗೆದು ನೋಡಿ

ಬರೆಯೋಕೇ ನಾಚಿಕೆ ಆಗುತ್ತಿದೆ. ದಿನಾ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವವನು ನಾನು. ಆದರೂ ಮೋಸ ಹೋದೆ.

ಅಜ್ಜ ಅಜ್ಜಿ ಮದುವೆಯ ಒಂದೇ ಒಂದು ಫೋಟೋ ನಮ್ಮ ಮನೇಲಿತ್ತು. ಕಪ್ಪು ಬಿಳುಪು, ಮಧ್ಯೆ ಗೀರು, ಮೂಲೆಯಲ್ಲಿ ಗೆದ್ದಲು ತಿಂದ ಗುರುತು. ಗಾಂಧಿ ಬಜಾರ್ ಹತ್ತಿರದ ಒಂದು ಸ್ಟುಡಿಯೋಗೆ ಕೊಟ್ಟೆ. ಮಾತಾಗಿದ್ದು ಇಷ್ಟು: 12×18 ಇಂಚಿನ ಪ್ರಿಂಟ್, 600 ಡಿಪಿಐ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಟಿಫ್‌ನಲ್ಲಿ, ಅಂದರೆ ಸಾಮಾನ್ಯವಾಗಿ ಚಿತ್ರದ ವಿವರ ಕಳೆಯದೆ ಇಡೋ ಫೈಲಲ್ಲಿ; ರೀಟಚ್ ಮಾಡಿದ್ದು, ಅಂದರೆ ಗೀರು ಗುರುತು ತಿದ್ದಿದ್ದು, ಲೇಯರ್ ಸಮೇತ ಪಿಎಸ್‌ಡಿ (ಫೋಟೋಶಾಪ್ ಫೈಲ್, ತಿದ್ದಿದ್ದು ಬೇರೆ ಪದರದಲ್ಲಿದ್ದು ಕೆಳಗೆ ಸ್ಕ್ಯಾನ್ ಹಾಗೇ ಉಳಿಯುತ್ತೆ). 2,500 ರೂಪಾಯಿ. ಓನರ್ ಎಲ್ಲಕ್ಕೂ ತಲೆ ಆಡಿಸಿದರು. ‘ಆಗುತ್ತೆ ಸಾರ್, ಅದೆಲ್ಲಾ ಹೇಳ್ಬೇಕಾ?’

ಹೇಳಬೇಕಿತ್ತು. ಬರೆಸಿಕೊಳ್ಳಬೇಕಿತ್ತು.

ಹತ್ತು ದಿನ ಬಿಟ್ಟು ಪ್ರಿಂಟ್, ಫೈಲ್ ಇದ್ದ ಪೆನ್ ಡ್ರೈವ್ ಎರಡನ್ನೂ ಮನೆಗೆ ತಂದೆ. ಪ್ರಿಂಟ್ ಅಂಗಡಿಯ ಲೈಟಲ್ಲಿ ಚೆನ್ನಾಗೇ ಕಂಡಿತ್ತು. ಮನೆ ಗೋಡೆಗೆ ಹಾಕಿದಾಗ ಮಂಜು ಕವಿದ ಹಾಗಿದೆ. ಅಜ್ಜಿ ಗಲ್ಲದ ಮೇಲಿನ ಮಚ್ಚೆ ಮಾಯ! ‘ಇದು ಯಾರೋ’ ಅಂದರು ಅಮ್ಮ.

ಇರಲಿ, ಸ್ಕ್ಯಾನ್ ಇದೆಯಲ್ಲ ಅಂದುಕೊಂಡೆ. ಆ ಧೈರ್ಯದಲ್ಲೇ ನಾನೊಂದು ಪೆದ್ದು ಕೆಲಸ ಮಾಡಿದೆ. ಅಸಲು ಫೋಟೋ ಹಳೇ ಫ್ರೇಮಿನ ಗಾಜಿಗೆ ಅಂಟಿಕೊಂಡಿತ್ತು. ಬಿಡಿಸೋಕೆ ಹೋದೆ. ಅಜ್ಜನ ಅರ್ಧ ಮುಖ ಗಾಜಲ್ಲೇ ಉಳಿಯಿತು.

ಆಮೇಲೆ ಪೆನ್ ಡ್ರೈವ್ ಹಾಕಿದೆ. ಹೌದು, ಆಮೇಲೆ! ಮೂರು ಫೈಲ್. ‘ಸ್ಕ್ಯಾನ್’ ಟಿಫ್, ‘ಫೈನಲ್’ ಟಿಫ್, ‘ಫೈನಲ್’ ಜೆಪಿಜಿ (ವಿವರ ಸ್ವಲ್ಪ ಕಳೆದು ಸೈಜ್ ಕುಗ್ಗಿಸೋ ಮಾಮೂಲಿ ಫೋಟೋ ಫೈಲ್). ಪಿಎಸ್‌ಡಿ ಇಲ್ಲವೇ ಇಲ್ಲ. ಮೂರೂ 180 ಕೆಬಿ. ಮೂರೂ! 12×18 ಇಂಚಿನ ಪ್ರಿಂಟಿಗೆ, ಪ್ರತಿ ಇಂಚಿಗೆ 300 ಪಿಕ್ಸೆಲ್ (ಚಿತ್ರದ ಚುಕ್ಕಿ) ಲೆಕ್ಕದಲ್ಲಿ, ಕಪ್ಪು ಬಿಳುಪು ಟಿಫ್ ಕುಗ್ಗಿಸದೆ ಸೇವ್ ಮಾಡಿದರೆ ಸುಮಾರು 19 ಎಂಬಿ ಬರಬೇಕು. ಅನುಮಾನ ಬಂದು ‘ಸ್ಕ್ಯಾನ್’ ಅನ್ನು ನೋಟ್‌ಪ್ಯಾಡಲ್ಲಿ ತೆರೆದೆ. ಟಿಫ್ ಆಗಿದ್ದರೆ ಶುರುವಲ್ಲೇ ಐಐ ಅಥವಾ ಎಂಎಂ ಅನ್ನೋ ಇಂಗ್ಲಿಷ್ ಅಕ್ಷರ ಇರುತ್ತೆ. ಇದರಲ್ಲಿ ಮೊದಲ ಸಾಲಲ್ಲೇ ಜೆಎಫ್‌ಐಎಫ್! ಅಂದರೆ ಜೆಪೆಗ್, ಅದೇ ಜೆಪಿಜಿ. ಹೆಸರಿನ ಕೊನೆಯಲ್ಲಿ ಜೆಪಿಜಿ ಅಳಿಸಿ ಟಿಫ್ ಅಂತ ಬರೆದು ಕೊಟ್ಟಿದ್ದಾರೆ, ಅಷ್ಟೇ. ಅಕ್ಕಿ ಡಬ್ಬಕ್ಕೆ ಬಾದಾಮಿ ಅಂತ ಚೀಟಿ ಅಂಟಿಸಿದ ಹಾಗೆ. ಉದ್ದಕ್ಕೆ 1600 ಪಿಕ್ಸೆಲ್. 18 ಇಂಚಿಗೆ ಹಂಚಿದರೆ ಇಂಚಿಗೆ 90 ಕೂಡ ಇಲ್ಲ. ಪ್ರಿಂಟ್ ಮಂಜಾಗದೆ ಇನ್ನೇನಾಗುತ್ತೆ?

ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಮೊದಲೇ ಹೋಗಿ ನಿಂತೆ.

‘ಟಿಫ್ ಅಂತಾನೇ ಇದೆಯಲ್ಲ ಸಾರ್?’

ಪಿಎಸ್‌ಡಿ ಎಲ್ಲಿ ಅಂದೆ. ‘ಅದು ನಿಮ್ಮ ಕಂಪ್ಯೂಟರಲ್ಲಿ ಓಪನ್ ಆಗಲ್ಲ, ಸುಮ್ನೆ ಯಾಕೆ ಅಂತ ಕೊಡಲಿಲ್ಲ.’

ನನ್ನ ಕಂಪ್ಯೂಟರ್ ಇವರು ಯಾವಾಗ ನೋಡಿದರು?

ಕೊನೆಗೆ ಕೆಲಸದ ಹುಡುಗನ ಬಾಯಿಂದ ನಿಜ ಬಂತು, ಪಾಪ. ಲೇಯರ್ ಮಾಡದೆ ನೇರವಾಗಿ ಸ್ಕ್ಯಾನ್ ಮೇಲೇ ಕೈಯಾಡಿಸಿದ್ದಾನೆ. ಓನರಿಗೆ ವಾಟ್ಸ್ಆ್ಯಪ್ ಕಳಿಸೋಕೆ ಸೈಜ್ ಚಿಕ್ಕದು ಮಾಡಿ, ‘ಸೇವ್ ಆ್ಯಸ್’ ಕೊಟ್ಟು ಬೇರೆ ಹೆಸರಿಡದೆ ಕಂಟ್ರೋಲ್ ಎಸ್ ಒತ್ತಿದ್ದಾನೆ. ದೊಡ್ಡ ಸ್ಕ್ಯಾನ್ ಮೇಲೇ ಚಿಕ್ಕದು ಸೇವ್ ಆಗಿದೆ. ಫೈಲ್ ಮುಚ್ಚಿದ ಮೇಲೆ ಹಿಂದಕ್ಕೆ ಹೋಗೋ ದಾರಿ ಇಲ್ಲ. ಪ್ರಿಂಟನ್ನೂ ಅದರಿಂದಲೇ ತೆಗೆದಿದ್ದಾರೆ.

‘ಇನ್ನೊಂದು 800 ಕೊಡಿ ಸಾರ್, ಹೊಸದಾಗಿ ಮಾಡ್ಕೊಡ್ತೀವಿ’ ಅಂದರು ಓನರ್.

ಯಾವುದರಿಂದ ಮಾಡ್ತೀರಿ ಸ್ವಾಮಿ ಅಂದೆ. ಉತ್ತರ ಇಲ್ಲ. ಆಮೇಲೆ ಅಂದಿದ್ದು ಕೇಳಿ: ‘ಬೇಜಾರು ಮಾಡ್ಕೋಬೇಡಿ, ಇದೇ ಫೋಟೋನ ಒಂದು ಕಾಫಿ ಮಗ್ ಮೇಲೆ ಹಾಕಿಸಿ ಫ್ರೀಯಾಗಿ ಕೊಡ್ತೀನಿ.’

ಮಗ್! ಹುಡುಗ ತಪ್ಪು ಮಾಡಿದ, ಸರಿ. ಯಾರಿಗಾದರೂ ಆಗಬಹುದು. ಆದರೆ ಫೋನ್ ಮಾಡಿ ‘ಸ್ಕ್ಯಾನ್ ಹೋಯ್ತು, ಫೋಟೋ ಇನ್ನೊಂದು ಸಲ ತನ್ನಿ’ ಅಂದಿದ್ದರೆ ಗಾಜು ಮುಟ್ಟುತ್ತಲೇ ಇರಲಿಲ್ಲ ನಾನು. ಹೆಸರು ಬದಲಾಯಿಸಿ ಮುಚ್ಚಿಟ್ಟರಲ್ಲ, ಅದು ಹೊಟ್ಟೆ ಉರಿಸುತ್ತಿದೆ.

ನೀವು ಕೊಡೋದಾದರೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೋಗಿ. ಸ್ಕ್ಯಾನ್ ಆದ ತಕ್ಷಣ, ರೀಟಚ್‌ಗೂ ಮುಂಚೆ, ಆ ಫೈಲಿನ ಕಾಪಿ ತಗೊಳ್ಳಿ. ಹೆಸರು ನೋಡಬೇಡಿ, ಎಷ್ಟು ಎಂಬಿ, ಎಷ್ಟು ಪಿಕ್ಸೆಲ್ ಅಂತ ನೋಡಿ. ಅಸಲು ಫೋಟೋ ಗಾಜಿಗೆ ಅಂಟಿದ್ದರೆ ದೇವರಾಣೆ ಕೀಳಬೇಡಿ.

ನಮ್ಮ ಗಾಜು ಈಗ ಪೇಪರಲ್ಲಿ ಸುತ್ತಿ ಬೀರು ಮೇಲಿದೆ, ಅಜ್ಜನ ಅರ್ಧ ಮುಖದ ಜೊತೆ. ಅದನ್ನ ಹಾಗೇ ಇಟ್ಟು ಸ್ಕ್ಯಾನ್ ಮಾಡೋರು ಬೆಂಗಳೂರಲ್ಲಿ ಯಾರಾದರೂ ಗೊತ್ತಿದ್ದರೆ ತಿಳಿಸಿ. ಪಿಎಸ್‌ಡಿ ಕೊಡೋರಾದರೆ ಮಾತ್ರ.