ಎಐ ಹೇಳಿದ ‘ಎಂ.ಎಲ್.’ ನಂಬಿ ಔಷಧ ಕೊಡಬೇಡಿ: ಸಿಸ್ಟರ್‌ಗಳು, ಫಾರ್ಮಾಸಿಸ್ಟರು, ಡ್ಯೂಟಿ ಡಾಕ್ಟರು ದಯವಿಟ್ಟು ಓದಿ

ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಡೆದದ್ದಿದು. ಹೆಸರು ಬೇಡ. ಬೆಳಗಾವಿಯಲ್ಲಾಗಲಿ ವಿಜಯಪುರದಲ್ಲಾಗಲಿ, ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇರುವ ಯಾವ ವಾರ್ಡಿನಲ್ಲೂ ಇದು ಆಗಬಹುದು.

ಜ್ವರ ಬಂದ ಮಗು, ತೂಕ 10 ಕೆ.ಜಿ. ಚೀಟಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಎಂದಷ್ಟೇ ಇತ್ತು, ಪ್ರಮಾಣ ಬರೆದಿರಲಿಲ್ಲ. ಸಿಸ್ಟರ್ ಮೊಬೈಲಿನ ಎಐ ಚಾಟ್‌ಬಾಟ್‌ಗೆ ‘10 ಕೆ.ಜಿ. ಮಗುವಿಗೆ ಎಷ್ಟು ಎಂ.ಎಲ್.?’ ಎಂದು ಕೇಳಿದರು. ‘4.7 ಮಿ.ಲೀ., 6 ತಾಸಿಗೊಮ್ಮೆ’ ಎಂದು ಉತ್ತರ ಬಂತು. ಅದನ್ನು 5 ಮಾಡಿ ತಾಯಿಗೆ ಹೇಳಿ ಕಳಿಸಿದರು. ಮರುದಿನ ರಾತ್ರಿ ಮಗು ವಾಂತಿ ಮಾಡಿಕೊಳ್ಳುತ್ತ ವಾಪಸ್ ಬಂತು. ‘ಬಾಟ್ಲಿ ತಂದೀರೇನ್ರಿ ಅವ್ವಾರ?’ ಎಂದು ಡಾಕ್ಟರು ಕೇಳಿದ್ದರಿಂದ ವಿಷಯ ಹೊರಬಿತ್ತು. ಲೇಬಲ್ ಮೇಲೆ 5 ಮಿ.ಲೀ.ಗೆ 250 ಮಿ.ಗ್ರಾಂ. ಎಂದಿತ್ತು.

ಎಲ್ಲಿ ತಪ್ಪಿತು ನೋಡಿ. ಮಕ್ಕಳಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಈ ಮಗುವಿಗೆ ಹೆಚ್ಚೆಂದರೆ 150 ಮಿ.ಗ್ರಾಂ. ಅಲ್ಲಿಯವರೆಗೆ ಎಐ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಮನಸ್ಸಿನಲ್ಲಿಟ್ಟುಕೊಂಡದ್ದು ಅಮೆರಿಕದ ಬಾಟ್ಲಿ: ಅಲ್ಲಿ 5 ಮಿ.ಲೀ.ಗೆ 160 ಮಿ.ಗ್ರಾಂ. ನಮ್ಮ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸಿರಪ್ 5 ಮಿ.ಲೀ.ಗೆ 120, 125 ಅಥವಾ 250 ಮಿ.ಗ್ರಾಂ. ಡ್ರಾಪ್ಸ್ ಆದರೆ 1 ಮಿ.ಲೀ.ಯಲ್ಲೇ 100 ಮಿ.ಗ್ರಾಂ. ಅಂದರೆ ಅದೇ 150 ಮಿ.ಗ್ರಾಂ.ಗೆ 250ರ ಸಿರಪ್ 3 ಮಿ.ಲೀ. ಸಾಕು, 125ರದ್ದು 6 ಮಿ.ಲೀ. ಬೇಕು, ಡ್ರಾಪ್ಸ್ ಬರೀ ಒಂದೂವರೆ ಮಿ.ಲೀ. ಈ ಮಗುವಿಗೆ ಸಲಕ್ಕೆ 250 ಮಿ.ಗ್ರಾಂ.ನಂತೆ ದಿನಕ್ಕೆ 1000 ಮಿ.ಗ್ರಾಂ. ಹೋಯಿತು, ಕೊಡಬಹುದಾಗಿದ್ದು 600. ಲಿವರ್ ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣಲಿಲ್ಲ, ಮಗು ಚೇತರಿಸಿಕೊಂಡಿತು. ತಾಯಿಯ ಕೈಯಲ್ಲಿದ್ದದ್ದು ಡ್ರಾಪ್ಸ್ ಆಗಿದ್ದರೆ ಅದೇ 5 ಮಿ.ಲೀ.ಗೆ 500 ಮಿ.ಗ್ರಾಂ. ಆಗುತ್ತಿತ್ತು. ನೆನೆಸಿಕೊಂಡರೆ ಎದೆ ನಡುಗುತ್ತದೆ.

ಹೀಗಾಗಿ ಎಐಗೆ ‘ಎಷ್ಟು ಎಂ.ಎಲ್.’ ಎಂದು ಕೇಳಲೇಬೇಡಿ. ಪ್ರಮಾಣವನ್ನು ಡಾಕ್ಟರ ಹತ್ತಿರ ಮಿ.ಗ್ರಾಂ.ನಲ್ಲಿ ಬರೆಸಿಕೊಳ್ಳಿ. ಕೈಯಲ್ಲಿರುವ ಬಾಟ್ಲಿಯ ಲೇಬಲ್ ನೋಡಿ ಮಿ.ಲೀ. ಲೆಕ್ಕ ನೀವೇ ಹಾಕಿ: ಬೇಕಾದ ಮಿ.ಗ್ರಾಂ. ಅನ್ನು 5ರಿಂದ ಗುಣಿಸಿ, 5 ಮಿ.ಲೀ.ಯಲ್ಲಿರುವ ಮಿ.ಗ್ರಾಂ.ನಿಂದ ಭಾಗಿಸಿ. ತಾಯಿಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ಅಳತೆಯ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡಿ.

ಇನ್ಸುಲಿನ್ ವಿಷಯದಲ್ಲಿ ಇದು ಇನ್ನೂ ಅಪಾಯ. ನಮ್ಮಲ್ಲಿ ವಯಲ್‌ನಲ್ಲಿ ಬರುವುದು ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್‌ನದು, ಪೆನ್ ಕಾರ್ಟ್ರಿಜ್‌ನಲ್ಲಿ ಬರುವುದು ಮಿ.ಲೀ.ಗೆ 100 ಯೂನಿಟ್‌ನದು. ಎಐ ‘10 ಯೂನಿಟ್ ಅಂದರೆ 0.1 ಮಿ.ಲೀ.’ ಎಂದರೆ ಅದು 100ರ ಲೆಕ್ಕ. 40ರ ವಯಲ್‌ನಿಂದ 0.1 ಮಿ.ಲೀ. ಎಳೆದರೆ ಒಳಗೆ ಹೋಗುವುದು 4 ಯೂನಿಟ್ ಮಾತ್ರ. ತಿರುಗುಮುರುಗಾದರೆ ಜೀವಕ್ಕೇ ಕುತ್ತು: 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ 25 ಯೂನಿಟ್ ಹೋಗುತ್ತದೆ. 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ವಯಲ್, ಸಿರಿಂಜು ಎರಡನ್ನೂ ಜೋಡಿಸಿ ನೋಡದೆ ಚುಚ್ಚಬೇಡಿ.

ದ್ರಾಕ್ಷಿ ತೋಟ, ಕಬ್ಬಿನ ಗದ್ದೆಗಳ ಸೀಮೆ ನಮ್ಮದು. ಕೀಟನಾಶಕ ಕುಡಿದವರು, ಹಾವು ಕಚ್ಚಿಸಿಕೊಂಡವರು ಬರುತ್ತಲೇ ಇರುತ್ತಾರೆ. ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್‌ನ ಸಾಮಾನ್ಯ ಆಂಪೂಲ್ ನಮ್ಮಲ್ಲಿ 0.6 ಮಿ.ಗ್ರಾಂ.ನದು, ಬೇರೆ ಸಾಂದ್ರತೆಯ ವಯಲ್ ಲೆಕ್ಕ ಹಿಡಿದ ಉತ್ತರ ಇಲ್ಲಿ ಹೊಂದುವುದಿಲ್ಲ. 1.8 ಮಿ.ಗ್ರಾಂ. ಎಂದು ಡಾಕ್ಟರು ಹೇಳಿದರೆ 3 ಆಂಪೂಲ್ ಒಡೆಯಬೇಕು. ಹಾವಿನ ವಿಷಕ್ಕೆ ಅಮೆರಿಕದ ಔಷಧವೇ ಬೇರೆ, ಅಲ್ಲಿಯ ಹಾವುಗಳೇ ಬೇರೆ. ನಮ್ಮ ಪಾಲಿವೇಲೆಂಟ್ ಎಎಸ್‌ವಿ (ಹಾವಿನ ವಿಷದ ಪ್ರತಿವಿಷ) ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ವಿಷದ ಲಕ್ಷಣ ಇದ್ದಾಗ ಸಾಮಾನ್ಯವಾಗಿ 10 ವಯಲ್‌ನಿಂದ ಶುರು, ಮಕ್ಕಳಿಗೂ ಅಷ್ಟೇ. ತೂಕ ನೋಡಿ ಕಡಿಮೆ ಮಾಡಲು ಎಐ ಹೇಳಿದರೆ ಕೇಳಬೇಡಿ. ಹಾವು ಮಗು ಎಂದು ನೋಡಿ ವಿಷ ಕಡಿಮೆ ಬಿಡುವುದಿಲ್ಲ.

‘ಖಾತ್ರಿನಾ?’ ಎಂದು ಮತ್ತೆ ಕೇಳಿದರೆ ಸರಿಯಾಗುತ್ತದೆ ಎನ್ನುವವರಿದ್ದಾರೆ. ಆಗುವುದಿಲ್ಲ. ನೀವು ಅನುಮಾನ ಪಟ್ಟರೆ ಅದು ಸರಿ ಉತ್ತರವನ್ನೂ ಬದಲಿಸಿ ಕ್ಷಮೆ ಕೇಳೀತು. ಮೈಕ್‌ನಲ್ಲಿ ಮಾತಾಡಿ ಟೈಪ್ ಮಾಡಿಸುವವರು ಫಿಫ್ಟೀನ್ (15) ಎಂದದ್ದು ಫಿಫ್ಟಿ (50) ಆಗಿದೆಯೇ ಎಂದು ಪರದೆಯ ಮೇಲೆ ಓದಿಯೇ ಮುಂದೆ ಹೋಗಬೇಕು.

ಇನ್ನು ಕೇಸ್ ಶೀಟಿನ ಫೋಟೋ ಹಾಕುವ ಚಾಳಿ. ಹೆಸರು, ಊರು, ಐಪಿ ನಂಬರ್, ಎಚ್‌ಐವಿ ವರದಿ ಎಲ್ಲವೂ ಅದರಲ್ಲಿ ಹೋಗುತ್ತದೆ. ಪುಕ್ಕಟೆ ಆ್ಯಪ್‌ಗಳು ಇಂಥ ಮಾತುಕತೆಯನ್ನು ತಮ್ಮ ತರಬೇತಿಗೆ ಬಳಸಿಕೊಳ್ಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದತ್ತಾಂಶ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ರೋಗಿಗೆ ಸಲಹೆ ಕೊಡುವುದು, ಔಷಧ ಬರೆಯುವುದು ನೋಂದಾಯಿತ ವೈದ್ಯರ ಕೆಲಸ, ಎಐ ಅವರಿಗೆ ನೆರವಾಗಬಹುದಷ್ಟೇ ಎಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಹೇಳುತ್ತದೆ. ಚಾರ್ಟಿನಲ್ಲಿ ಇರುವುದು ನಿಮ್ಮ ಸಹಿ. ಡ್ಯೂಟಿ ಪಟ್ಟಿ, ರಜೆ ಅರ್ಜಿ, ಪರೀಕ್ಷೆಯ ಓದು ಇವಕ್ಕೆ ಧಾರಾಳವಾಗಿ ಬಳಸಿ.

ತಪ್ಪು ಡೋಸ್ ಹೋಗಿಬಿಟ್ಟಿದೆ ಅನ್ನಿಸಿದರೆ ಮುಂದಿನ ಡೋಸ್ ನಿಲ್ಲಿಸಿ, ಡಾಕ್ಟರಿಗೆ ತಕ್ಷಣ ಹೇಳಿ. ಮಗುವಿನ ತೂಕ, ಎಷ್ಟು ಮಿ.ಗ್ರಾಂ., ಯಾವ ಹೊತ್ತಿಗೆ ಎಂದು ಬರೆದಿಡಿ. ಬಾಟ್ಲಿ ಎಸೆಯಬೇಡಿ, ಚಾಟ್ ಅಳಿಸಬೇಡಿ. ದಿಲ್ಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರ 1800 116 117ರಲ್ಲಿ ಹಗಲು ರಾತ್ರಿ ಸಿಗುತ್ತದೆ. ಒಂದೇ ಸಲ ಬಹಳ ಪ್ಯಾರಾಸಿಟಮಾಲ್ ಒಳಗೆ ಹೋಗಿದ್ದರೆ ಅದರ ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ 8 ತಾಸಿನೊಳಗೆ ಶುರುವಾಗಬೇಕು. ಬೈಗುಳಕ್ಕೆ ಹೆದರಿ ಬೆಳಗಿನವರೆಗೆ ಕಾಯಬೇಡಿ.